ದೂರದವರ ಸಾಕ್ಷಿ

ಊರು ಬಿಟ್ಟು ನಲವತ್ತು ವರ್ಷ ದಾಟಿದವನಿಗೆ ಎರಡು ಮಾತು ತಪ್ಪದೆ ಕೇಳಲು ಸಿಗುತ್ತವೆ. ಒಂದು, ನೆಲೆಸಿದ ಊರಿನವರದು: "ನೀವು ಹೊರಗಿನವರು, ನಿಮಗೇಕೆ ಇಲ್ಲಿನ ವಿಷಯ?" ಇನ್ನೊಂದು, ಹುಟ್ಟಿದ ಊರಿನವರದು: "ನೀವು ಊರು ಬಿಟ್ಟವರು, ನಿಮಗ್ಯಾಕ್ರೀ ಊರ ಉಸಾಬರಿ?" ಮೊದಲನೆಯದನ್ನು ಮುಂಬಯಿಯ ಹೌಸಿಂಗ್ ಸೊಸೈಟಿಯ ಮೀಟಿಂಗಿನಲ್ಲಿ ಕೇಳಿದ್ದೇನೆ. ಎರಡನೆಯದನ್ನು ಹಾವೇರಿ ಹತ್ತಿರದ ನಮ್ಮೂರಿನ ಕಟ್ಟೆಯ ಮೇಲೆ ಕೇಳಿದ್ದೇನೆ. ಎರಡು ಮಾತಿನಲ್ಲೂ ಸ್ವಲ್ಪ ಹುರುಳಿದೆ. ಆದರೆ ಎರಡನ್ನೂ ಪೂರ್ತಿ ಒಪ್ಪಿಬಿಟ್ಟರೆ ನನ್ನಂಥವನಿಗೆ ಬಾಯಿ ತೆರೆಯಲು ಭೂಮಿಯ ಮೇಲೆ ಜಾಗವೇ ಉಳಿಯುವುದಿಲ್ಲ. ಹೊರನಾಡಿನಲ್ಲಿ ಬದುಕಿದವರೆಲ್ಲ ಒಂದಲ್ಲ ಒಂದು ದಿನ ಈ ಇಕ್ಕಟ್ಟಿಗೆ ಸಿಕ್ಕಿರುತ್ತಾರೆ. ಪೆಟ್ಟು ತಾಗದವನಿಗೆ, ದೂರದಲ್ಲಿ ಸುರಕ್ಷಿತವಾಗಿ ಕೂತವನಿಗೆ, ಇನ್ನೊಬ್ಬರ ನೋವಿನ ಬಗ್ಗೆ ದನಿ ಎತ್ತುವ ಹಕ್ಕು ಇದೆಯೇ? ಎತ್ತಿದರೆ ಆ ದನಿಗೆ ಬೆಲೆಯೇನು?

ಈಗ ನಾನಿರುವುದು ಪುಣೆಯಲ್ಲಿ. ಬೆಳಗಿನ ವಾಕಿಂಗಿಗೆ ಜೊತೆಯಾಗುವ ಗೆಳೆಯರೊಬ್ಬರು ರೈಲ್ವೆಯಲ್ಲಿದ್ದವರು, ಧಾರವಾಡದ ಕಡೆಯವರೇ. ಯಾವುದೋ ದೇಶದಲ್ಲಿ ಹೆಂಗಸರು ಬೀದಿಗಿಳಿದರು, ಸರ್ಕಾರ ಹೊಡೆಯಿತು, ಅದಕ್ಕೆ ಮತ್ತೊಂದು ದೇಶದಲ್ಲಿ ಜನ ಮೆರವಣಿಗೆ ತೆಗೆದರು ಅಂತ ಪೇಪರಿನಲ್ಲಿ ಬಂದರೆ ಸಾಕು, "ಮನೆಗೆ ಮಾರಿ, ಊರಿಗೆ ಉಪಕಾರಿ" ಅನ್ನುತ್ತಾರೆ. 2022ರಲ್ಲಿ ಇರಾನಿನ ಹೆಂಗಸರಿಗೆ ಬೆಂಬಲವಾಗಿ ಫ್ರಾನ್ಸಿನ ನಟಿಯರು ತಮ್ಮ ಕೂದಲು ಕತ್ತರಿಸಿಕೊಂಡಾಗ ಅವರು ಕೇಳಿದ್ದು ನನಗಿನ್ನೂ ನೆನಪಿದೆ. "ಇವರು ಇಲ್ಲಿ ಕೂದಲ ಕತ್ತರಿಸಿದರ ಅಲ್ಲಿ ಲಾಠಿ ನಿಂದರತಾವೇನ್ರೀ?"

ಲಾಠಿ ನಿಲ್ಲುವುದಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡು ಬಿಡೋಣ. ಹಾಗಾದರೆ ದೂರದವರ ದನಿಯಿಂದ ಏನಾಗುತ್ತದೆ ಅನ್ನುವುದನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ಒಂದು ನಿಜವಾದ ಲೆಕ್ಕ ತೆಗೆದು ನೋಡುವುದು ನನ್ನ ಅಭ್ಯಾಸ. ನಾನು ನೋಡಿದ ಲೆಕ್ಕ ಅರ್ಜೆಂಟೀನಾದ ತಾಯಂದಿರದು.

ಬಹಳ ಕಾಲ ಅರ್ಜೆಂಟೀನಾ ಅಂದರೆ ನನಗೆ ಮರಡೋನಾ, ಅಷ್ಟೇ. 1986ರಲ್ಲಿ ಮುಂಬಯಿಯಲ್ಲಿ ಪ್ರೊಬೇಷನರಿ ಆಫೀಸರ್ ಆಗಿದ್ದಾಗ, ಒಂದೇ ಟೀವಿಯ ಮುಂದೆ ಹತ್ತು ಹನ್ನೆರಡು ಜನ ಕೂತು ನಡುರಾತ್ರಿ ವರ್ಲ್ಡ್ ಕಪ್ ನೋಡಿದ್ದೆವು. ಆ ದೇಶದ ಇನ್ನೊಂದು ಕಥೆ ನನ್ನ ಕಣ್ಣಿಗೆ ಬಿದ್ದದ್ದು 2014ರಲ್ಲಿ. ಎಸ್ತೆಲಾ ದೆ ಕಾರ್ಲೊತ್ತೊ ಎಂಬ ಅಜ್ಜಿಗೆ 36 ವರ್ಷ ಹುಡುಕಿದ ಮೇಲೆ ಮೊಮ್ಮಗ ಸಿಕ್ಕಿದ್ದ. ಆಕೆಯ ಮಗಳನ್ನು ಸೈನಿಕ ಸರ್ಕಾರ ಗರ್ಭಿಣಿಯಾಗಿದ್ದಾಗಲೇ ಹಿಡಿದುಕೊಂಡು ಹೋಗಿ, ಹೆರಿಗೆಯಾದ ಮೇಲೆ ಕೊಂದಿತ್ತು. ಮಗುವನ್ನು ಬೇರೆಯವರಿಗೆ ಕೊಟ್ಟಿತ್ತು. ಆ ಸುದ್ದಿ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ.

1976ರ ಮಾರ್ಚ್ 24ರಂದು ಅರ್ಜೆಂಟೀನಾದಲ್ಲಿ ಸೇನೆ ಅಧಿಕಾರ ಹಿಡಿಯಿತು. ಜನರಲ್ ವಿದೆಲಾ ಅಧ್ಯಕ್ಷನಾದ. ವಿದ್ಯಾರ್ಥಿಗಳು, ಕಾರ್ಮಿಕ ಸಂಘದವರು, ಪತ್ರಕರ್ತರು, ಕೊಳೆಗೇರಿಯಲ್ಲಿ ಪಾಠ ಹೇಳುತ್ತಿದ್ದವರು, ಹೀಗೆ ಯಾರ ಮೇಲೆ ಸಂಶಯ ಬಂತೋ ಅವರನ್ನು ಮನೆಯಿಂದ, ಬೀದಿಯಿಂದ ಎತ್ತಿಕೊಂಡು ಹೋದರು. ಬಂಧನದ ದಾಖಲೆ ಇಲ್ಲ, ಕೇಸು ಇಲ್ಲ, ಹೆಣವೂ ಇಲ್ಲ. ತಾಯಂದಿರು ಪೊಲೀಸ್ ಠಾಣೆ, ಆಸ್ಪತ್ರೆ, ಚರ್ಚು, ಮಂತ್ರಾಲಯ ಎಲ್ಲ ಕಡೆ ಅಲೆದರು. ಅಂಥ ಜನ ನಮ್ಮಲ್ಲಿ ಇಲ್ಲ ಎಂಬ ಒಂದೇ ಉತ್ತರ. ಅಲೆಯುವಾಗ ಒಬ್ಬರಿಗೊಬ್ಬರು ಗುರುತಾದರು.

ಅವರಲ್ಲೊಬ್ಬಳು ಅಸುಸೆನಾ ವಿಲ್ಯಾಫ್ಲೋರ್. ಐವತ್ತು ದಾಟಿದ ಗೃಹಿಣಿ. 1976ರ ನವೆಂಬರಿನಲ್ಲಿ ಆಕೆಯ ಮಗನನ್ನೂ ಅವನು ಮದುವೆಯಾಗಬೇಕಿದ್ದ ಹುಡುಗಿಯನ್ನೂ ಹಿಡಿದೊಯ್ದಿದ್ದರು. ಹೀಗೆ ಒಬ್ಬೊಬ್ಬರೇ ಕದ ತಟ್ಟಿ ಪ್ರಯೋಜನವಿಲ್ಲ, ಎಲ್ಲರೂ ಕೂಡಿ ಚೌಕಕ್ಕೆ ಹೋಗೋಣ ಅಂದವಳು ಆಕೆ. 1977ರ ಏಪ್ರಿಲ್ 30ರಂದು ಬ್ಯೂನಸ್ ಐರಿಸ್‌ನ ಪ್ಲಾಸಾ ದೆ ಮಾಯೊ ಚೌಕದಲ್ಲಿ 14 ಹೆಂಗಸರು ಸೇರಿದರು. ಎದುರಿಗೆ ಅಧ್ಯಕ್ಷರ ಭವನ, ಪಕ್ಕದಲ್ಲಿ ಆ ದೇಶದ ದೊಡ್ಡ ಸರ್ಕಾರಿ ಬ್ಯಾಂಕು. ಅವತ್ತು ಶನಿವಾರ, ಚೌಕ ಖಾಲಿ. ಆಮೇಲೆ ಜನ ಓಡಾಡುವ ದಿನವೇ ಆಗಲಿ ಅಂತ ಗುರುವಾರ ಮಧ್ಯಾಹ್ನ ಮೂರೂವರೆ ಎಂದು ಗೊತ್ತುಮಾಡಿದರು.

ಗುಂಪು ಸೇರುವುದು ನಿಷೇಧವಾಗಿತ್ತು. ಪೊಲೀಸರು ಬಂದು "ನಿಲ್ಲಬೇಡಿ, ನಡೆಯಿರಿ" ಅಂದರು. ಸರಿ ಅಂತ ಹೆಂಗಸರು ಇಬ್ಬಿಬ್ಬರಾಗಿ ತೋಳು ಹಿಡಿದು ಚೌಕದ ಮಧ್ಯದ ಸ್ತಂಭದ ಸುತ್ತ ನಡೆಯತೊಡಗಿದರು. ಪೊಲೀಸರ ಆಜ್ಞೆಯನ್ನೇ ಪಾಲಿಸಿ ಕಟ್ಟಿದ ಚಳವಳಿ ಇದು. ಗುರುತಿಗಾಗಿ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡರು. ಮೊದಮೊದಲು ಅದು ಮಕ್ಕಳು ಕೂಸಾಗಿದ್ದಾಗ ಉಡಿಸಿದ್ದ ಲಂಗೋಟಿಯ ಬಟ್ಟೆ. ಅಧಿಕಾರದಲ್ಲಿದ್ದವರು ಅವರನ್ನು ಹುಚ್ಚಿಯರು ಅಂದರು.

ಇಲ್ಲಿ ನನ್ನ ಬ್ಯಾಂಕಿನ ಒಂದು ಸಂಗತಿ ಹೇಳಬೇಕು. ತೊಂಬತ್ತರ ದಶಕದ ಮೊದಲಲ್ಲಿ ಮುಂಬಯಿ ಉಪನಗರದ ಒಂದು ಶಾಖೆಯಲ್ಲಿದ್ದೆ. ವಿಜಾಪುರದ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಕಟ್ಟಡದ ಕೆಲಸ ಮಾಡುವವಳು. ಗಂಡ ಮನೆ ಬಿಟ್ಟು ಹೋಗಿ ಎಂಟು ವರ್ಷ, ಸುದ್ದಿಯಿಲ್ಲ. ಅವನ ಹೆಸರಿನ ಉಳಿತಾಯ ಖಾತೆಯಲ್ಲಿ ಸಣ್ಣ ಮೊತ್ತ ಇತ್ತು. ಕೌಂಟರಿನಲ್ಲಿ ಭಾಷೆ ತಿಳಿಯದೆ ಅವಳನ್ನು ನನ್ನ ಟೇಬಲ್ಲಿಗೆ ಕಳಿಸಿದ್ದರು. ನಮ್ಮ ದೇಶದಲ್ಲಿ ಏಳು ವರ್ಷ ಒಬ್ಬ ಮನುಷ್ಯನ ಸುದ್ದಿ, ಅದನ್ನು ತಿಳಿಯಬೇಕಾದವರಿಗೂ ಸಿಗದಿದ್ದರೆ, ಸತ್ತಿದ್ದಾನೆ ಎಂದು ಹಿಡಿಯಬಹುದು. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಮಾತು ಇದು. 2024ರಲ್ಲಿ ಹೊಸ ಕಾಯಿದೆ ಜಾರಿಗೆ ಬಂದ ಮೇಲೂ ಏಳರ ಲೆಕ್ಕ ಹಾಗೇ ಇದೆ. ಅರ್ಜಿ ತುಂಬಲು ನಾನೇ ಕೂತೆ. ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಅವಳು ಕೇಳಿದಳು, "ಇದರಾಗ ಏನ ಬರದೀರಿ, ಸಾಹೇಬ್ರ?" ಹೇಳಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಸತ್ತಾನಂತ ನಾನ ಹೆಬ್ಬಟ್ಟ ಒತ್ತಿದರ, ನಾನ ಅಂವನ್ನ ಕೊಂದಂಗ ಆಗೂದಿಲ್ಲೇನ್ರೀ?"

ಅವಳು ಮತ್ತೆ ಬರಲಿಲ್ಲ. ಆ ಹಣ ನಿಷ್ಕ್ರಿಯ ಖಾತೆಗಳ ಪಟ್ಟಿಗೆ ಸೇರಿತು.

ಕಾಣೆಯಾದವನ ಮನೆಯವರಿಗೆ ಕಾನೂನು ಕೊಡುವ ಪರಿಹಾರ ಎಂಥದ್ದು ಅನ್ನುವುದು ನನಗೆ ಅವತ್ತು ತಿಳಿಯಿತು. ನಿನ್ನ ಬಾಯಿಂದಲೇ ಅವನು ಸತ್ತ ಅನ್ನು, ಮಿಕ್ಕದ್ದು ನಾವು ನೋಡಿಕೊಳ್ಳುತ್ತೇವೆ! ನಮ್ಮ ಕಾನೂನಿನಲ್ಲಿ ಮೋಸವಿಲ್ಲ, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆದರೆ ಕಾಣೆ ಮಾಡಿದ್ದು ಸರ್ಕಾರವೇ ಆದಾಗ? 1979ರಲ್ಲಿ ಅರ್ಜೆಂಟೀನಾದ ಸೈನಿಕ ಸರ್ಕಾರ ಇಂಥದೇ ಒಂದು ಕಾನೂನು ತಂದಿತು. ಕಾಣೆಯಾದವರನ್ನು ಸತ್ತಿದ್ದಾರೆಂದು ಬೇಗ ಘೋಷಿಸಿ ಕಡತ ಮುಚ್ಚಬಹುದು. ಅದೇ ವರ್ಷ ವಿದೆಲಾ ಪತ್ರಕರ್ತರ ಮುಂದೆ, ಕಾಣೆಯಾದವನು ಬದುಕಿಯೂ ಇಲ್ಲ, ಸತ್ತೂ ಇಲ್ಲ, ಅವನಿಗೆ ಅಸ್ತಿತ್ವವೇ ಇಲ್ಲ ಎಂಬ ಅರ್ಥದ ಮಾತಾಡಿದ. ಬ್ಯಾಂಕಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎಲ್ಲಿ ಹಾಕಬೇಕೆಂದು ತಿಳಿಯದ ಎಂಟ್ರಿಯನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ. ಯಾರೂ ಕೇಳದಿದ್ದರೆ ಒಂದು ದಿನ ಸದ್ದಿಲ್ಲದೆ ರೈಟ್ ಆಫ್ ಆಗುತ್ತದೆ. ತಾಯಂದಿರು ಒಪ್ಪಲಿಲ್ಲ. ಜೀವಂತ ಕರೆದುಕೊಂಡು ಹೋದವರನ್ನು ಜೀವಂತವಾಗಿಯೇ ತೋರಿಸಿ, ಇಲ್ಲವೇ ಯಾರು ಏನು ಮಾಡಿದಿರಿ ಹೇಳಿ ಅಂದರು. ಮುಂದೆ 1994ರಲ್ಲಿ, ಪ್ರಜಾಪ್ರಭುತ್ವ ಬಂದ ಮೇಲೆ, ಪರಿಹಾರದ ಕಾನೂನು ಬಂತು, ಹಣವನ್ನು ಸರ್ಕಾರಿ ಬಾಂಡುಗಳಲ್ಲಿ ಕೊಟ್ಟರು. ಕೆಲವು ತಾಯಂದಿರು ತೆಗೆದುಕೊಂಡರು. ಕೆಲವರು ಮುಟ್ಟಲಿಲ್ಲ. ಇಬ್ಬರನ್ನೂ ನಾನು ತಪ್ಪು ಅನ್ನಲಾರೆ. ಹಸಿವು ನಿಜ, ಹೆಬ್ಬೆಟ್ಟಿನ ಭಾರವೂ ನಿಜ.

ಈಗ ದೂರದವರ ವಿಷಯಕ್ಕೆ ಬರುತ್ತೇನೆ. ತಮ್ಮ ದೇಶದ ಪತ್ರಿಕೆಗಳು ಬಾಯಿ ಮುಚ್ಚಿದ್ದರಿಂದ ತಾಯಂದಿರು ಹೊರದೇಶದವರಿಗೆ ಹೇಳಿದರು. 1978ರ ಜೂನ್ 1ರಂದು ಬ್ಯೂನಸ್ ಐರಿಸ್‌ನಲ್ಲಿ ವರ್ಲ್ಡ್ ಕಪ್ ಉದ್ಘಾಟನೆ. ಅವತ್ತು ಗುರುವಾರ. ಡಚ್ ಟೀವಿಯವರು ಕ್ಯಾಮೆರಾವನ್ನು ಚೌಕಕ್ಕೆ ತಂದರು. ಸರ್ಕಾರ ತನ್ನ ಮುಖ ತೊಳೆದು ತೋರಿಸಲು ಅಮೆರಿಕದ ಪ್ರಚಾರ ಕಂಪನಿಯೊಂದಕ್ಕೆ ಹಣ ಕೊಟ್ಟಿತ್ತು. ಆದರೆ ಯುರೋಪಿನ ಮನೆಗಳಲ್ಲಿ ಕಂಡದ್ದು ಬಿಳಿ ಬಟ್ಟೆಯ ಹೆಂಗಸರು ಅಳುತ್ತಾ ಮಾತಾಡಿದ ಚಿತ್ರ. ಫೈನಲ್ ನಡೆದ ಸ್ಟೇಡಿಯಮ್ಮಿನಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ನೌಕಾಪಡೆಯ ತರಬೇತಿ ಶಾಲೆ. ಅದರೊಳಗೆ ಗುಪ್ತ ಸೆರೆಮನೆ. ಗೋಲು ಹೊಡೆದಾಗಿನ ಕೇಕೆ ಸೆರೆಯಾಳುಗಳಿಗೂ ಕೇಳಿಸುತ್ತಿತ್ತು.

ಸರ್ಕಾರ ಇದನ್ನು "ಅರ್ಜೆಂಟೀನಾ ವಿರೋಧಿ ಪ್ರಚಾರ" ಎಂದು ಕರೆಯಿತು. ಮನೆಯ ಮಾತನ್ನು ಬೀದಿಗೆ ತಂದವರು, ದೇಶದ ಮಾನ ಹರಾಜು ಹಾಕಿದವರು ಅಂತ ದೂರಿತು. ಬಹಳ ಜನ ಸಾಮಾನ್ಯರೂ ಇದನ್ನು ನಂಬಿದರು. ಈ ದೂರನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನಾವೂ ಮನೆಯ ಗುಟ್ಟು ಹೊರಗೆ ಹೇಳಬಾರದು ಅಂತಲೇ ಬೆಳೆದವರು. ಮುಂಬಯಿಯಲ್ಲಿ ಯಾರಾದರೂ ಕರ್ನಾಟಕದ ಬಗ್ಗೆ ಹಗುರವಾಗಿ ಮಾತಾಡಿದರೆ ಮೈ ಉರಿಯುತ್ತಿತ್ತು. ಆದರೆ ಗುಟ್ಟು ಎಂಬುದು ಮನೆಮಂದಿಯನ್ನು ಕಾಯುವ ತನಕ ಮಾತ್ರ ಗುಟ್ಟು. ಒಳಗೆ ಹೊಡೆಯುತ್ತಿರುವವನೇ ಕದ ಹಾಕಿ "ಮನೆಯ ಮಾನ" ಅಂದಾಗ ಅದು ಚಿಲಕ. ಪಕ್ಕದ ಮನೆಯವರನ್ನು ಕೂಗುವ ಹೆಣ್ಣುಮಗಳು ಮನೆಗೆ ದ್ರೋಹ ಮಾಡಿದಳು ಅನ್ನಲಾಗುತ್ತದೆಯೇ?

ಈ ತಾಯಂದಿರು ದೇಶವನ್ನು ಬಿಟ್ಟುಕೊಟ್ಟವರೂ ಅಲ್ಲ. 1982ರಲ್ಲಿ ಫಾಕ್‌ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ನಿನ ಜೊತೆ ಯುದ್ಧ ಶುರುವಾಗಿ ಊರೆಲ್ಲ ಬಾವುಟ ಹಿಡಿದಾಗ, ಅವರೂ ಚೌಕಕ್ಕೆ ಫಲಕ ಹಿಡಿದು ಬಂದರು. ದ್ವೀಪಗಳು ಅರ್ಜೆಂಟೀನಾದವು, ಕಾಣೆಯಾದ ಮಕ್ಕಳೂ ಅರ್ಜೆಂಟೀನಾದವರೇ ಎಂದು ಅದರಲ್ಲಿ ಬರೆದಿತ್ತು. ದೇಶಪ್ರೇಮದ ಬಗ್ಗೆ ನಾನು ಕೇಳಿದ ಅನೇಕ ಭಾಷಣಗಳಿಗಿಂತ ಈ ಒಂದು ಫಲಕ ಹೆಚ್ಚು ತೂಕದ್ದು.

ಈ ತಾಯಂದಿರಲ್ಲಿ ನನ್ನನ್ನು ಎಲ್ಲರಿಗಿಂತ ಹೆಚ್ಚು ಕಾಡಿದವಳು ಎಸ್ತರ್ ಬಾಲೆಸ್ತ್ರೀನೊ. ಹೊರನಾಡಿನಲ್ಲಿರುವ ನಾವು ಆಕೆಯನ್ನು ತಿಳಿದುಕೊಳ್ಳಬೇಕು. ಆಕೆ ಬೆಳೆದದ್ದು ಪರಾಗ್ವೆಯಲ್ಲಿ. ಅಲ್ಲಿನ ಸರ್ವಾಧಿಕಾರ ತಾಳಲಾರದೆ ಅರ್ಜೆಂಟೀನಾಕ್ಕೆ ಓಡಿಬಂದವಳು. ಜೀವರಸಾಯನ ಓದಿದವಳು. ಮುಂದೆ ಪೋಪ್ ಫ್ರಾನ್ಸಿಸ್ ಆದವರು ತರುಣರಾಗಿದ್ದಾಗ ಪ್ರಯೋಗಾಲಯವೊಂದರಲ್ಲಿ ಆಕೆಯ ಕೈಕೆಳಗೆ ಕೆಲಸ ಕಲಿತಿದ್ದರು. 1977ರಲ್ಲಿ ಎಸ್ತರಳ ಹದಿನಾರು ವರ್ಷದ ಬಸುರಿ ಮಗಳನ್ನು ಹಿಡಿದೊಯ್ದರು. ತಾಯಿ ಚೌಕದಲ್ಲಿ ನಡೆಯತೊಡಗಿದಳು. ಕೆಲವು ತಿಂಗಳ ಮೇಲೆ ಮಗಳು ಬಿಡುಗಡೆಯಾಗಿ ಬಂದಳು. ಎಸ್ತರ್ ಅವಳನ್ನು ದೇಶದಾಚೆ ಸೇರಿಸಿದಳು. ಅಲ್ಲಿಗೆ ಆಕೆಯ ಕೆಲಸ ಮುಗಿದಿತ್ತು. ಎಲ್ಲರೂ ಅದನ್ನೇ ಹೇಳಿದರು. ಆಕೆ ಮತ್ತೆ ಚೌಕಕ್ಕೆ ಬಂದಳು. ಉಳಿದವರ ಮಕ್ಕಳೂ ಸಿಗಬೇಕಲ್ಲ, ಅಲ್ಲಿಯವರೆಗೆ ಬರುತ್ತೇನೆ ಅಂದಳು.

ಹೊರಗಿನವಳು ಆಕೆ. ಆ ದೇಶದಲ್ಲೂ ಹೊರಗಿನವಳು, ಮಗಳು ಸಿಕ್ಕಿದ ಮೇಲೆ ಆ ನೋವಿನಿಂದಲೂ ಹೊರಗಿನವಳು. ಹಿಂದಿರುಗಿ ಬರಲು ಯಾವ ಕಾನೂನೂ, ಯಾವ ರಕ್ತಸಂಬಂಧವೂ ಒತ್ತಾಯ ಮಾಡಿರಲಿಲ್ಲ. ತನ್ನ ಖಾತೆಗೆ ಹಣ ಜಮಾ ಆದ ಮೇಲೂ ಪಕ್ಕದವರ ಟೋಕನ್ ಕರೆಯುವ ತನಕ ಕೌಂಟರಿನ ಮುಂದೆ ನಿಂತವರನ್ನು ನಾನು ನನ್ನ ಸರ್ವೀಸಿನಲ್ಲಿ ಬಹಳ ಕಂಡಿಲ್ಲ.

1977ರ ಡಿಸೆಂಬರ್ 8ರಂದು ಸಾಂತಾ ಕ್ರೂಸ್ ಚರ್ಚಿನಲ್ಲಿ ತಾಯಂದಿರು, ಅವರ ಬೆಂಬಲಿಗರು ಸೇರಿದ್ದರು. ಕಾಣೆಯಾದವರ ಬಗ್ಗೆ ಪತ್ರಿಕೆಯಲ್ಲಿ ಜಾಹೀರಾತು ಕೊಡಲು ಹಣ ಕೂಡಿಸುತ್ತಿದ್ದರು. ಅಲ್ಲಿ ಒಬ್ಬ ಹೊಂಬಣ್ಣದ ಕೂದಲಿನ ಹುಡುಗನಿದ್ದ. ತನ್ನ ಅಣ್ಣ ಕಾಣೆಯಾಗಿದ್ದಾನೆ ಅಂತ ಹೇಳಿಕೊಂಡು ಕೆಲವು ತಿಂಗಳಿಂದ ಬರುತ್ತಿದ್ದ. ಅಸುಸೆನಾ ಅವನನ್ನು ಮಗನಂತೆ ನೋಡಿಕೊಳ್ಳುತ್ತಿದ್ದಳು. ಅವನು ನೌಕಾಪಡೆಯ ಅಧಿಕಾರಿ ಅಲ್ಫ್ರೆದೊ ಆಸ್ತಿಸ್. ಯಾರನ್ನು ಹಿಡಿಯಬೇಕು ಅಂತ ಗುರುತು ತೋರಿಸಿದವನು ಅವನೇ. ಎಸ್ತರ್, ಇನ್ನೊಬ್ಬ ತಾಯಿ ಮರಿಯಾ ಪೊನ್ಸೆ, ಫ್ರಾನ್ಸಿನ ಸಂನ್ಯಾಸಿನಿ ಆಲಿಸ್ ದೊಮೊನ್ ಸೇರಿ ಹಲವರು ಸಿಕ್ಕಿಬಿದ್ದರು. ಎರಡು ದಿನದ ಮೇಲೆ, ಡಿಸೆಂಬರ್ 10ರಂದು, ಜಾಹೀರಾತು ಅಚ್ಚಾಯಿತು. ಅವತ್ತು ಬೆಳಿಗ್ಗೆ ಪೇಪರ್ ತರಲು ಹೊರಟ ಅಸುಸೆನಾಳನ್ನು ಮನೆಯ ಹತ್ತಿರವೇ ಎತ್ತಿಕೊಂಡು ಹೋದರು. ಇನ್ನೊಬ್ಬ ಫ್ರೆಂಚ್ ಸಂನ್ಯಾಸಿನಿ ಲಿಯೊನಿ ದುಕೆಯೂ ಅವತ್ತೇ ಹೋದಳು. ಒಟ್ಟು 12 ಜನ. ಅವರನ್ನು ವಿಮಾನದಿಂದ ಸಮುದ್ರಕ್ಕೆ ಎಸೆದರು.

ಗೆಳೆಯರಿಗೆ ಇದನ್ನು ಹೇಳಿದಾಗ ಅವರು ತಟ್ಟನೆ ಅಂದರು, "ನೋಡ್ರೀ, ಹಮದರ್ದಿ ಅಂತ ಬಂದಾಂವನ ಕುತ್ತಿಗಿ ಕೊಯ್ದ." ಹೌದು. ಖೋಟಾ ನೋಟು ಇರುವುದೇ ಹಾಗೆ, ಅಸಲಿಯ ತದ್ರೂಪು. ಮೂವತ್ತಾರು ವರ್ಷ ನೋಟು ಎಣಿಸಿದ ಸಂಸ್ಥೆಯಲ್ಲಿದ್ದೆ. ಖೋಟಾ ನೋಟು ಸಿಕ್ಕಿತು ಅಂತ ಕ್ಯಾಶ್ ಕೌಂಟರ್ ಮುಚ್ಚಿದ್ದು ಕಾಣೆ. ತಾಯಂದಿರೂ ಮುಚ್ಚಲಿಲ್ಲ. ಮುಂದಿನ ಗುರುವಾರಗಳಲ್ಲಿ ಬಂದವರ ಸಂಖ್ಯೆ ಕಡಿಮೆ ಆಯಿತು, ನಡಿಗೆ ನಿಲ್ಲಲಿಲ್ಲ.

ಇನ್ನೊಂದು ಕಹಿ ಸತ್ಯವೂ ಈ ಘಟನೆಯಲ್ಲಿದೆ. ಹನ್ನೆರಡು ಜನರಲ್ಲಿ ಜಗತ್ತು ಮೊದಲು ಕೇಳಿದ್ದು ಇಬ್ಬರು ಫ್ರೆಂಚ್ ಸಂನ್ಯಾಸಿನಿಯರ ಹೆಸರನ್ನು. ಅವರ ಬೆನ್ನಿಗೆ ಒಂದು ಯುರೋಪಿನ ಸರ್ಕಾರ ಇತ್ತು. ಪಾಸ್‌ಪೋರ್ಟಿನ ತೂಕದ ಮೇಲೆ ಕಣ್ಣೀರಿನ ತೂಕ ನಿಂತದ್ದು ಅನ್ಯಾಯವೇ. ಆದರೆ ಅದೇ ಹೆಸರುಗಳ ನೆಪದಲ್ಲಿ ಉಳಿದ ಹತ್ತು ಹೆಸರೂ ಕಡತದಲ್ಲಿ ಉಳಿದವು. ಅರ್ಜೆಂಟೀನಾದಲ್ಲಿ 1985ರಲ್ಲಿ ವಿದೆಲಾನಿಗೆ ಜೀವಾವಧಿ ಶಿಕ್ಷೆ ಆದರೂ, 1986-87ರ ಕಾನೂನುಗಳು ಮತ್ತು ಆಮೇಲಿನ ಕ್ಷಮಾದಾನಗಳು ಎಲ್ಲವನ್ನೂ ಮುಚ್ಚಿಹಾಕಿದವು. ಆ ಕತ್ತಲ ಕಾಲದಲ್ಲಿ, 1990ರಲ್ಲಿ, ಪ್ಯಾರಿಸ್ಸಿನ ನ್ಯಾಯಾಲಯ ಆಸ್ತಿಸ್‌ನ ಗೈರುಹಾಜರಿಯಲ್ಲೇ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವನ ಸ್ವಂತ ದೇಶದ ನ್ಯಾಯಾಲಯ ಅದೇ ಶಿಕ್ಷೆ ಕೊಟ್ಟದ್ದು 2011ರಲ್ಲಿ. ಇಲ್ಲಿ ಮುಚ್ಚಿದ ಲೆಡ್ಜರನ್ನು ಅಲ್ಲಿ ಯಾರೋ ತೆರೆದೇ ಇಟ್ಟಿದ್ದರು.

ನನಗೆ ಸಿಕ್ಕ ಉತ್ತರದ ಮೊದಲ ಭಾಗ ಇದು. ಬ್ಯಾಂಕಿನಲ್ಲಿ ಸಾಕ್ಷಿಗೂ ಜಾಮೀನುದಾರನಿಗೂ ವ್ಯತ್ಯಾಸ ಇದೆ. ಸಾಕ್ಷಿ ಸಾಲ ತೀರಿಸುವುದಿಲ್ಲ. ಈತ ನನ್ನ ಕಣ್ಣೆದುರು ಸಹಿ ಮಾಡಿದ್ದು ನಿಜ ಅನ್ನುತ್ತಾನೆ, ಅಷ್ಟೇ. ಆದರೆ ನಾಳೆ ಯಾರಾದರೂ ಆ ಸಹಿಯೇ ಇಲ್ಲ ಅಂದಾಗ ಬೇಕಾಗುವವನು ಅವನೇ. ಜನರನ್ನು ಕಾಣೆ ಮಾಡುವ ಸರ್ಕಾರಕ್ಕೆ ಬೇಕಾದದ್ದು ಸಾಕ್ಷಿಯಿಲ್ಲದ ಊರು. ದೂರದವನು ಲಾಠಿ ನಿಲ್ಲಿಸಲಾರ. ಲಾಠಿ ಬಿದ್ದೇ ಇಲ್ಲ ಅನ್ನುವ ಸುಳ್ಳು ಹರಡದಂತೆ ತಡೆಯಬಲ್ಲ. ಹತ್ತಿರದವನ ಬಾಯಿ ಕಟ್ಟಿದಾಗ ಈ ಕೆಲಸ ದೂರದವನಿಂದ ಮಾತ್ರ ಆಗುತ್ತದೆ.

ಎರಡನೆಯ ಭಾಗ, ಅವರವರ ಕಸುಬಿನದು. ಅಜ್ಜಿಯಂದಿರ ಗುಂಪಿಗೆ ಬೇಕಾಗಿದ್ದದ್ದು ಒಂದು ವೈಜ್ಞಾನಿಕ ಉತ್ತರ: ತಂದೆತಾಯಿ ಇಲ್ಲದಿದ್ದಾಗ ಅಜ್ಜ ಅಜ್ಜಿಯರ ರಕ್ತದಿಂದ ಮೊಮ್ಮಕ್ಕಳನ್ನು ಗುರುತಿಸಬಹುದೇ? ಅವರು ನ್ಯೂಯಾರ್ಕಿನಲ್ಲಿ ವಿಕ್ತೊರ್ ಪೆಂಚಾಸಾದೆ ಎಂಬ ತಳಿವಿಜ್ಞಾನಿಯನ್ನು ಕಂಡರು. ಆತ ಸ್ವತಃ ದೇಶ ಬಿಟ್ಟು ಹೋದ ಅರ್ಜೆಂಟೀನಾದವನು. ಅಮೆರಿಕದ ಮೇರಿ-ಕ್ಲೇರ್ ಕಿಂಗ್ 1984ರಲ್ಲಿ ಬಂದು ಲೆಕ್ಕ ಕೂಡಿಸಲು ನೆರವಾದರು. ಎಲುಬುಗಳ ಗುರುತು ಹಿಡಿಯುವ ಕ್ಲೈಡ್ ಸ್ನೋ ಅದೇ ವರ್ಷ ಬಂದು, ಅಲ್ಲಿನ ವಿದ್ಯಾರ್ಥಿಗಳಿಗೆ ಕೆಲಸ ಕಲಿಸಿದರು. ಆ ವಿದ್ಯಾರ್ಥಿಗಳು ಕಟ್ಟಿದ ತಂಡವೇ 2005ರಲ್ಲಿ, ಸಮುದ್ರ ದಂಡೆಗೆ ಎಸೆದು ಅನಾಮಿಕರೆಂದು ಹೂತಿದ್ದ ಎಲುಬುಗಳಲ್ಲಿ ಅಸುಸೆನಾ, ಎಸ್ತರ್, ಮರಿಯಾ ಮತ್ತು ಲಿಯೊನಿ ಇವರನ್ನು ಗುರುತಿಸಿತು. 2025ರ ಜುಲೈ ಹೊತ್ತಿಗೆ ಅಜ್ಜಿಯಂದಿರು ಕಂಡುಹಿಡಿದ ಮೊಮ್ಮಕ್ಕಳು 140.

ಜಾನ್‌ಕಾರ್ಲೊ ಚೆರಾವ್ದೊ ಎಂಬ ಇಟಲಿಯ ಫೋಟೋಗ್ರಾಫರ್ ಮತ್ತು ಆ ಸೆರೆಮನೆಯಿಂದ ಬದುಕಿ ಬಂದ ಮಿರಿಯಮ್ ಲೆವಿನ್ ಸೇರಿ ಅಮೆರಿಕದ ಫ್ಲೋರಿಡಾದಲ್ಲಿ ಆ ಕಾಲದ ವಿಮಾನವೊಂದನ್ನು ಪತ್ತೆಹಚ್ಚಿದರು. ಅದರ ಜೊತೆಗೆ ಹಾರಾಟದ ಹಳೆಯ ದಾಖಲೆಗಳೂ ಸಿಕ್ಕವು. 1977ರ ಡಿಸೆಂಬರ್ 14ರ ರಾತ್ರಿ, ಹೊರಟಲ್ಲಿಗೇ ಹಿಂದಿರುಗಿದ ಮೂರು ಗಂಟೆಗೂ ಹೆಚ್ಚಿನ ಒಂದು ಹಾರಾಟ ಅದರಲ್ಲಿ ನಮೂದಾಗಿತ್ತು. 2017ರಲ್ಲಿ ಪೈಲಟ್‌ಗಳಿಗೆ ಜೀವಾವಧಿ ಶಿಕ್ಷೆಯಾಯಿತು. ಕೊಲೆಗಾರರೂ ಲಾಗ್‌ಬುಕ್ ಬರೆಯುತ್ತಾರೆ, ಬರೆದದ್ದು ಎಲ್ಲೋ ಉಳಿಯುತ್ತದೆ. ಚೆರಾವ್ದೊನ ಮನೆಯವರು ಯಾರೂ ಆ ವಿಮಾನದಲ್ಲಿರಲಿಲ್ಲ.

ಇವರು ಯಾರೂ ಚೌಕದಲ್ಲಿ ತಾಯಂದಿರ ಮುಂದೆ ನಿಂತು ಭಾಷಣ ಮಾಡಲಿಲ್ಲ. ನಿಮಗೇನು ಬೇಕು ಅಂತ ಕೇಳಿ, ತಮ್ಮ ಕೈಯಲ್ಲಿದ್ದ ವಿದ್ಯೆ ಕೊಟ್ಟರು. ದೂರದಲ್ಲಿರುವುದರಿಂದ ಸಿಕ್ಕ ಸುರಕ್ಷೆಯನ್ನು ಒಂದು ಸಾಲದಂತೆ ಕಂಡು, ಅದರ ಬಡ್ಡಿ ಕಟ್ಟಿದರು ಅನ್ನಬಹುದು.

ಗೆಳೆಯರ "ಮನೆಗೆ ಮಾರಿ" ಗಾದೆಗೆ ಇನ್ನೂ ಉತ್ತರ ಕೊಡಬೇಕಿದೆ. ನಮ್ಮ ಮನೆಯಲ್ಲೇ ಇಂಥ ತಾಯಂದಿರಿದ್ದಾರೆ. 2004ರ ಜುಲೈ 15ರಂದು ಇಂಫಾಲದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ, ಅಸ್ಸಾಂ ರೈಫಲ್ಸ್ ಠಾಣೆಯ ಎದುರು, 12 ಮಂದಿ ಮಣಿಪುರಿ ತಾಯಂದಿರು ಬಟ್ಟೆ ಕಳಚಿ ನಿಂತರು. ಮನೋರಮಾ ಎಂಬ ಯುವತಿಯನ್ನು ರಾತ್ರಿ ಮನೆಯಿಂದ ಹಿಡಿದೊಯ್ದು ಮರುದಿನ ಹೆಣವಾಗಿ ಬಿಸಾಡಿದ್ದರ ವಿರುದ್ಧ. ಆ ವರ್ಷ ನವೆಂಬರಿನಲ್ಲಿ ಕೋಟೆಯನ್ನು ರಾಜ್ಯಕ್ಕೆ ಬಿಟ್ಟುಕೊಟ್ಟರು. 2006ರ ಅಕ್ಟೋಬರಿನಲ್ಲಿ ಇರೋಮ್ ಶರ್ಮಿಳಾ ದೆಹಲಿಯ ಜಂತರ್ ಮಂತರಿನಲ್ಲಿ ಉಪವಾಸ ಕೂತಾಗ ನಾನು ಪಾರ್ಲಿಮೆಂಟ್ ಸ್ಟ್ರೀಟಿನ ಶಾಖೆಯಲ್ಲಿದ್ದೆ. ಊಟದ ಬಿಡುವಿನಲ್ಲಿ ನಡೆದು ಹೋಗುವಷ್ಟು ಹತ್ತಿರ. ಆಮೇಲೆ ಏಮ್ಸ್ ಆಸ್ಪತ್ರೆಯಲ್ಲಿ ಆಕೆಯನ್ನು ಇರಾನಿನ ಶಿರಿನ್ ಎಬಾದಿ ಭೇಟಿಯಾದರು. ನೊಬೆಲ್ ಪಡೆದ ವಿದೇಶಿಯೊಬ್ಬರು ಮಣಿಪುರದ ಮಗಳನ್ನು ನೋಡಲು ಬಂದದ್ದು ನಮಗೆ ಸುದ್ದಿಯಾಯಿತು. ಮಣಿಪುರದಿಂದ ಆಕೆಯೇ ಬಂದದ್ದು ಅಷ್ಟು ಸುದ್ದಿಯಾಗಿರಲಿಲ್ಲ!

ಹಾಗಾಗಿ ಗಾದೆ ಸುಳ್ಳಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುವ ಇನ್ನೊಂದು ಗಾದೆಯನ್ನೂ ಅದರ ಪಕ್ಕದಲ್ಲಿ ಇಡಬೇಕು. ದೂರದ ನೋವಿನಲ್ಲಿ ಒಳ್ಳೆಯವರು ಕೆಟ್ಟವರು ಸ್ಪಷ್ಟವಾಗಿ ಕಾಣುತ್ತಾರೆ. ಹತ್ತಿರ ಹೋದರೆ ಕಲ್ಲುಮುಳ್ಳು. ಮಾಯೊ ಚೌಕದ ತಾಯಂದಿರು 1986ರಲ್ಲಿ ಜಗಳವಾಡಿ ಎರಡು ಬಣವಾದರು. ಒಂದು ಬಣದ ಪ್ರತಿಷ್ಠಾನದ ಮೇಲೆ 2011ರಲ್ಲಿ ಮನೆ ಕಟ್ಟಿಸುವ ಸರ್ಕಾರಿ ಹಣದ ದುರುಪಯೋಗದ ಆರೋಪ ಬಂತು. ಶರ್ಮಿಳಾ 16 ವರ್ಷದ ಉಪವಾಸವನ್ನು 2016ರ ಆಗಸ್ಟಿನಲ್ಲಿ ಬಿಟ್ಟು, ಮದುವೆಯಾಗುತ್ತೇನೆ, ಚುನಾವಣೆಗೆ ನಿಲ್ಲುತ್ತೇನೆ ಅಂದಾಗ ಜೊತೆಗಿದ್ದವರೇ ಅನೇಕರು ಮುಖ ತಿರುಗಿಸಿದರು. 2017ರ ಚುನಾವಣೆಯಲ್ಲಿ ಆಕೆಗೆ ಬಿದ್ದದ್ದು 90 ಮತ. ಜನರಿಗೆ ಮೂರ್ತಿ ಬೇಕಾಗಿತ್ತು, ಆಕೆಗೆ ಬದುಕು ಬೇಕಾಗಿತ್ತು. 2019ರಲ್ಲಿ ಆಕೆಯ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಊರು ಬಿಟ್ಟು ಬಂದ ಆಕೆಯನ್ನು "ಹೊರಗಿನವಳು" ಅನ್ನುವ ಸರದಿ ಈಗ ಕನ್ನಡಿಗರದ್ದು, ಅನ್ನಬೇಕೋ ಬೇಡವೋ ಅನ್ನುವ ನಿರ್ಧಾರವೂ ನಮ್ಮದೇ.

ಗಾದೆಗೆ ನಾನು ಇಷ್ಟು ಹೇಳಬಲ್ಲೆ. "ಮೊದಲು ನಿನ್ನ ಮನೆ ನೋಡು" ಎಂಬ ಮಾತು ಇನ್ನೂ ಒಂದು ಕೆಲಸ ಹಚ್ಚುವುದಾದರೆ ಒಪ್ಪುತ್ತೇನೆ. ಅರ್ಜೆಂಟೀನಾ ನೋಡಿದ ಕಣ್ಣಿನಿಂದಲೇ ಮಣಿಪುರವನ್ನೂ ನೋಡಬೇಕು. ಆದರೆ ಆ ಮಾತು ಬಾಯಿ ಮುಚ್ಚಿಸಲು ಬಂದರೆ ಒಪ್ಪುವುದಿಲ್ಲ. ಯಾಕೆಂದರೆ ಮನೆಯ ವಿಷಯಕ್ಕೆ ಬಾಯಿ ತೆರೆದಾಗ ಅದೇ ಜನ "ನೀವು ಊರು ಬಿಟ್ಟವರು" ಅನ್ನುತ್ತಾರೆ. ಎರಡು ಕಡೆಯೂ ಗೇಟು ಹಾಕುವವರ ಚಿಂತೆ ನ್ಯಾಯದ್ದಲ್ಲ, ನೆಮ್ಮದಿಯದು.

"ಹಂಗಾದರ ನೀವು ಏನ ಮಾಡೀರಿ?" ಅಂತ ಗೆಳೆಯರು ಒಂದು ದಿನ ನೇರವಾಗಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನನ್ನ ಹತ್ತಿರ ಇರುವುದು ಅರ್ಜಿ ಬರೆಯುವ ಕಸುಬು, ಮೂರು ನಾಲ್ಕು ಭಾಷೆ. ಇಲ್ಲಿನ ಒಂದು ಸಣ್ಣ ಸಂಸ್ಥೆ, ಕೆಲಸಕ್ಕೆ ಬಂದು ಕಾಣೆಯಾದ ಕೂಲಿಗಳ ಮನೆಯವರಿಗೆ ಠಾಣೆ, ಬ್ಯಾಂಕು, ರೇಷನ್ ಕಚೇರಿಯ ಕಾಗದಪತ್ರ ಮಾಡಿಸಿಕೊಡುತ್ತದೆ. ವಾರಕ್ಕೊಮ್ಮೆ ಹೋಗಿ ಕೂರುತ್ತೇನೆ. ಕಲಬುರಗಿ, ಯಾದಗಿರಿ ಕಡೆಯ ಹೆಣ್ಣುಮಕ್ಕಳು ಬರುತ್ತಾರೆ. ಹೆಬ್ಬೆಟ್ಟು ಒತ್ತಿಸುವ ಮೊದಲು ಕಾಗದದಲ್ಲಿ ಏನು ಬರೆದಿದೆ ಅಂತ ಪೂರ್ತಿ ಓದಿ ಹೇಳುತ್ತೇನೆ. ಬೇಡ ಅಂದರೆ ಒತ್ತಾಯ ಮಾಡುವುದಿಲ್ಲ. ಕಾಣೆಯಾದವರ ದೂರು ಜೀವಂತವಾಗಿರಲಿ ಅಂತ ಠಾಣೆಗೆ ಮತ್ತೊಂದು ನೆನಪೋಲೆ ಬರೆಯುತ್ತೇವೆ.

ಗೆಳೆಯರು ಇನ್ನೂ ಒಪ್ಪಿಲ್ಲ. ಇದು ಸಮುದ್ರಕ್ಕೆ ಒಂದು ಚೊಂಬು ನೀರು ಸುರಿದಂಗ ಅನ್ನುತ್ತಾರೆ. ಇರಬಹುದು. ಆಲಿಸ್ ದೊಮೊನ್‌ಳ ದೇಹ ಇವತ್ತಿಗೂ ಸಿಕ್ಕಿಲ್ಲ. ಮಾಯೊ ಚೌಕದಲ್ಲಿ ಗುರುವಾರ ಮೂರೂವರೆಗೆ ಈಗಲೂ ನಡೆಯುತ್ತಾರೆ. ತೊಂಬತ್ತು ದಾಟಿದ ಕೆಲವರು, ಅವರ ಹಿಂದೆ ಯಾರ ತಾಯಿಯೂ ಅಲ್ಲದ ಬಹಳ ಜನ.